ಅರ್ಧಕ್ಕೆ ನಿಂತ ಗಾಜು

ಗಾಜಿಗೆ ತಂತಿ ತಾಗಿದಂಥ ಸದ್ದು. ಬಹಳ ಸಣ್ಣದು. ನಡುರಾತ್ರಿ ದಾಟಿತ್ತು, ಊರು ಮಲಗಿತ್ತು, ಆದ್ದರಿಂದ ಕೇಳಿಸಿತು. ಪದ್ಮಶ್ರೀಗೆ ಎಚ್ಚರವಾಗಲು ಅಷ್ಟೇ ಸಾಕಾಗಿತ್ತು. ಅವಳ ನಿದ್ದೆ ಎಂದೂ ಪೂರ್ತಿ ನಿದ್ದೆಯಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ, ಹಿತ್ತಲ ಚಿಲಕ ಹಾಕಿತ್ತೋ ಇಲ್ಲವೋ ಎಂಬ ಕಾವಲು ಕಣ್ಣು ಮುಚ್ಚಿದ ಮೇಲೂ ನಡೆದೇ ಇರುತ್ತಿತ್ತು.

ಗಂಡ ನಂದೀಶ್ ನೈಟ್ ಶಿಫ್ಟಿಗೆ ಹೋಗಿದ್ದ. ಅವಳು ಎದ್ದು ಕಿಟಕಿಯ ಪರದೆ ಸರಿಸಿದಳು. ಬೀದಿದೀಪದ ಕೆಳಗೆ ಅವರ ಹಳೆಯ ಸಣ್ಣ ಕಾರು ನಿಂತಿತ್ತು. ಅದರ ಡ್ರೈವರ್ ಬಾಗಿಲಿನ ಗಾಜು ಶುಕ್ರವಾರ ಸಂಜೆಯಿಂದ ಅರ್ಧಕ್ಕೆ ಸಿಕ್ಕಿಕೊಂಡು ಮೇಲಕ್ಕೂ ಬಾರದೆ ಕೆಳಕ್ಕೂ ಇಳಿಯದೆ ನಿಂತಿದ್ದರಿಂದ, ಮಳೆಯ ನೀರು ಒಳಗೆ ಬೀಳದಿರಲೆಂದು ಪದ್ಮಶ್ರೀಯೇ ಪ್ಲಾಸ್ಟಿಕ್ ಹಾಳೆ ಹೊದಿಸಿ ಟೇಪು ಹಚ್ಚಿದ್ದಳು. ಈಗ ಆ ಹಾಳೆಯ ಒಂದು ಮೂಲೆಯನ್ನು ಎತ್ತಿ ಹಿಡಿದು, ಸೆರಗನ್ನು ತಲೆಗೆ ಹೊದ್ದು, ಅತ್ತೆ ಇಂದ್ರಮ್ಮ ಬಗ್ಗಿ ನಿಂತಿದ್ದರು.

ಅವಳು ಬಾಗಿಲು ತೆಗೆದು ಹೊರಗೆ ಬಂದು ಏನು ಮಾಡುತ್ತಿದ್ದೀರೆಂದು ಕೇಳಿದಾಗ ಇಂದ್ರಮ್ಮ ಬೆಚ್ಚಿದರು. ಕೈಯಲ್ಲಿ ನೆಟ್ಟಗೆ ಮಾಡಿದ ಬಟ್ಟೆ ಹ್ಯಾಂಗರಿನ ತಂತಿ ಇತ್ತು.

"ಗಾಳಿಗೆ ಹಾರೋಯ್ತಿತ್ತು ಕಣಮ್ಮ ಈ ಪೇಪ್ರು. ಸಿಗಿಸಾನ ಅಂತ ಬಂದೆ. ನೀ ಹೋಗಿ ಮನಿಕ್ಕೊ."

ಗಾಳಿಯೇನೂ ಇರಲಿಲ್ಲ. ಪದ್ಮಶ್ರೀ ಅದನ್ನು ಗಮನಿಸಿದಳು, ಆದರೆ ಕೆದಕಲಿಲ್ಲ. ಎರಡು ದಿನದಿಂದ ಆ ಗಾಜಿನ ಹಿಂದೆ ಬಿದ್ದು ಅವಳಿಗೆ ಸಾಕುಸಾಕಾಗಿತ್ತು.

ಗಾಜು ಕೆಟ್ಟದ್ದು ಹೆಚ್ಚಿನ ಮಾತಲ್ಲ. ಆದರೆ ಆ ಗಾಜಿನ ಜೊತೆಗೆ ಅವಳ ಕೆಲಸವೂ ಅರ್ಧಕ್ಕೆ ನಿಂತಿತ್ತು. ಕೆಲಮಂಗಲದಿಂದ ಒಳಗೆ ಹೋದರೆ ಸಿಗುವ ಹಳ್ಳಿಯೊಂದರ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರು. ಅವರಿದ್ದ ಹೊಸೂರಿನಿಂದ ಆ ಹಳ್ಳಿಗೆ ಬೆಳಗಿನ ಬಸ್ಸು ಒಂದೇ. ಅದು ಕಂಡಕಂಡಲ್ಲಿ ನಿಂತು, ಕೆಲಮಂಗಲದಲ್ಲಿ ತರಕಾರಿ ಮೂಟೆಗಳನ್ನು ಇಳಿಸಿ, ಶಾಲೆಯ ಪ್ರಾರ್ಥನೆ ಮುಗಿದು ಮೊದಲ ಪಾಠ ಅರ್ಧವಾದ ಮೇಲೆ ಅವಳನ್ನು ಇಳಿಸುತ್ತಿತ್ತು. ಹೋದ ವರ್ಷ ಹೆಡ್ಮಾಸ್ಟರು ಜಯರಾಮಯ್ಯನವರು ಅವಳನ್ನು ಕೂರಿಸಿಕೊಂಡು, ಕನ್ನಡ ಮೀಡಿಯಮ್ಮಿಗೆ ಮಕ್ಕಳು ಬರುವುದೇ ಕಷ್ಟವಾಗಿದೆ, ಬಂದ ಮಕ್ಕಳಿಗೆ ಬೆಳಿಗ್ಗೆ ಟೀಚರೇ ಇಲ್ಲ ಅಂದರೆ ಕಮಿಟಿಯವರಿಗೆ ತಾನು ಏನು ಹೇಳಲಿ ಎಂದಿದ್ದರು. ಒಳ್ಳೆಯ ಮನುಷ್ಯ. ಹೇಳುವಾಗ ಅವಳ ಮುಖ ನೋಡಿರಲಿಲ್ಲ. ಆಮೇಲೆಯೇ ಅವಳು ಡ್ರೈವಿಂಗ್ ಕಲಿತದ್ದು, ಚೆನ್ನೈಗೆ ವರ್ಗವಾಗಿ ಹೋಗುತ್ತಿದ್ದವರೊಬ್ಬರಿಂದ ಈ ಕಾರನ್ನು ಕೊಂಡದ್ದು.

ನಂದೀಶ್ ಬೇಡವೆಂದಿರಲಿಲ್ಲ. ಬೇಕೆಂದೂ ಅಂದಿರಲಿಲ್ಲ. ಮೊದಲು ಬ್ಯಾಟರಿ ಹೋಯಿತು, ಆಮೇಲೆ ಸೈಲೆನ್ಸರು ಕಳಚಿ ಬಿತ್ತು, ಈಗ ಗಾಜು. ಪ್ರತಿಸಲವೂ ಶಿಫ್ಟು ಮುಗಿಸಿ ಬಂದವನೇ ಗಾಡಿ ತಳ್ಳಬೇಕಾಗಿತ್ತು. ಅವನ ಫ್ಯಾಕ್ಟರಿಯ ರಘುನಾಥ್ ಎಂಬುವವನು ಕಾರನ್ನು ಇರುವ ಹಾಗೆಯೇ ತೆಗೆದುಕೊಳ್ಳುತ್ತೇನೆಂದು ಕೇಳುತ್ತಲೇ ಇದ್ದ. ಭಾನುವಾರ ಸಂಜೆ ಬಂದು ನೋಡುತ್ತಾನೆಂದು ನಂದೀಶ್ ಶನಿವಾರ ಶಿಫ್ಟಿಗೆ ಹೊರಡುವಾಗ ಹೇಳಿದ್ದ.

"ಬಂದ್ರೆ ಕೊಟ್ಬುಡ್ತೀನಿ ಪದ್ಮಾ. ನಂಗೆ ಸಾಕಾಗೈತೆ."

ಅದನ್ನು ಅವನು ಸಿಟ್ಟಿನಿಂದ ಹೇಳಿರಲಿಲ್ಲ, ಶೂ ಲೇಸು ಕಟ್ಟುತ್ತ ಹೇಳಿದ್ದ. ಸಿಟ್ಟಾಗಿದ್ದರೆ ಅವಳಿಗೂ ನಾಲ್ಕು ಮಾತು ಆಡಲು ಬರುತ್ತಿತ್ತು.

ಶನಿವಾರ ಬೆಳಿಗ್ಗೆಯೇ ಅವಳು ಕಾರನ್ನು ಬಸ್ ಸ್ಟ್ಯಾಂಡಿನ ಹಿಂದಿನ ಮುನಿರತ್ನನ ಗ್ಯಾರೇಜಿಗೆ ಒಯ್ದಿದ್ದಳು. ಅವನು ಸ್ವಿಚ್ಚನ್ನು ಎರಡು ಸಲ ಒತ್ತಿ, ಬಾಗಿಲಿಗೆ ಅಂಗೈಯಿಂದ ಬಡಿದು, "ಮೋಟ್ರು ಪೋಚ್ಚಕ್ಕಾ, ಹೋಗ್ಬುಡ್ತು" ಎಂದ. ಹೊಸ ಮೋಟರು ಬೆಂಗಳೂರಿನಿಂದ ತರಿಸಬೇಕು, ಮುಂದಿನ ವಾರವೋ ಅದರ ಮುಂದಿನದೋ ಎಂದ. ಬಾಗಿಲು ಬಿಚ್ಚಿ ನೋಡುವುದಿಲ್ಲವೇ ಎಂದರೆ, ಬಿಚ್ಚಿದರೂ ಅದೇ, ಬಿಚ್ಚದಿದ್ದರೂ ಅದೇ ಎಂದು ನಕ್ಕು ಬೇರೆ ಗಾಡಿಯ ಕೆಳಗೆ ನುಸುಳಿಬಿಟ್ಟ.

ಭಾನುವಾರ ಬೆಳಿಗ್ಗೆ ನಂದೀಶ್ ಬಂದು, ಉಪ್ಪಿಟ್ಟು ತಿಂದು, ಬೆಡ್ಶೀಟು ಮುಖದ ಮೇಲೆ ಎಳೆದುಕೊಂಡು ಮಲಗಿದ. ಪದ್ಮಶ್ರೀ ಹಳೆಯ ಹಸಿರು ಕಾಟನ್ ಸೀರೆಯುಟ್ಟು, ಸೆರಗು ಸಿಗಿಸಿ, ಕಾರಿನಲ್ಲಿ ಹೋಗಿ ಕೂತಳು. ಆ ಸೀರೆಯ ಅಂಚಿನ ಮೂಲೆಯಲ್ಲಿ ಬೆರಳಗಲ ತುಂಡು ಇರಲಿಲ್ಲ. ಆಯುಧ ಪೂಜೆಯ ಹಿಂದುಮುಂದಿನ ದಿನಗಳಲ್ಲಿ ಅವಳು ಅದನ್ನು ಕಂಡಿದ್ದಳು. ಇಲಿಯ ಕೆಲಸವೆಂದುಕೊಂಡು ಬೀರುವಿನ ಹಿಂದೆ ಪಾಷಾಣದ ಬಿಲ್ಲೆ ಇಟ್ಟದ್ದೂ ಆಗಿತ್ತು. ಇಲಿ ಬಟ್ಟೆಯನ್ನು ಇಷ್ಟು ನೇರವಾಗಿ ಕಡಿಯುವುದಿಲ್ಲವಲ್ಲ ಎಂಬ ಸಂಶಯ ಮಾತ್ರ ಉಳಿದುಬಿಟ್ಟಿತ್ತು.

ಕೀಲಿ ತಿರುಗಿಸಿ ಸ್ವಿಚ್ಚು ಒತ್ತಿದಳು. ಬಾಗಿಲೊಳಗೆ ಟಕ್ ಎಂದಿತು, ಗಾಜು ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಗ ತಲೆಯ ಮೇಲಿನ ಪುಟ್ಟ ದೀಪ ಒಂದಿಷ್ಟು ಮಂಕಾದ ಹಾಗೆ ಕಂಡಿತು. ಕೈ ತೆಗೆದಳು, ದೀಪ ಸರಿಯಾಯಿತು. ಒತ್ತಿದಳು, ಮಂಕಾಯಿತು. ಎಡಗಡೆಯ ಗಾಜಿನ ಸ್ವಿಚ್ಚು ಒತ್ತಿ ನೋಡಿದಳು. ಅದು ಸಲೀಸಾಗಿ ಇಳಿಯಿತು, ದೀಪ ಅಷ್ಟಾಗಿ ಕುಗ್ಗಲಿಲ್ಲ. ಎಂಟನೇ ಕ್ಲಾಸಿಗೆ ಕರೆಂಟಿನ ಪಾಠ ಮಾಡುವಾಗ ಅವಳೇ ಮಕ್ಕಳಿಗೆ ಹೇಳುತ್ತಿದ್ದಳು, ಮನೆಯಲ್ಲಿ ಮಿಕ್ಸಿಗೆ ಗಟ್ಟಿ ಕಾಯಿ ಹಾಕಿದಾಗ ಬಲ್ಬು ಯಾಕೆ ಮಿಣುಕುತ್ತದೆ ನೋಡಿ ಎಂದು. ಮೋಟರು ಸುಟ್ಟು ಹೋಗಿದ್ದರೆ ಅದು ಕರೆಂಟನ್ನೇ ಕೇಳುತ್ತಿರಲಿಲ್ಲ. ಇದು ಕೇಳುತ್ತಿದೆ, ಬೇಕಾದ್ದಕ್ಕಿಂತ ಹೆಚ್ಚು ಕೇಳುತ್ತಿದೆ. ಅಂದರೆ ತಿಣುಕುತ್ತಿದೆ. ಒಳಗೆ ಯಾವುದೋ ಅದನ್ನು ಹಿಡಿದುಕೊಂಡಿದೆ.

ಅವಳು ಬಾಗಿಲಿಗೆ ಕಿವಿಯಿಟ್ಟು, ಗಾಜನ್ನು ಕೆಳಗಿಳಿಸುವ ಕಡೆಗೆ ಒತ್ತಿದಳು. ಗಾಜು ಕೂದಲೆಳೆಯಷ್ಟು ಇಳಿದು ಮತ್ತೆ ನಿಂತಿತು. ನಿಲ್ಲುವ ಮೊದಲು ಏನೋ ಬಿಗಿದುಕೊಂಡಂಥ ಸದ್ದು ಬಂತು, ಹಗ್ಗ ಬಿಗಿಯುವಾಗ ಬರುವಂಥದ್ದು.

ತಲೆಯೆತ್ತಿದರೆ ಇಂದ್ರಮ್ಮ ಗೇಟಿನ ಹತ್ತಿರ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ.

"ಅದರ ಜೊತೆ ಯಾಕಮ್ಮ ಗುದ್ದಾಡ್ತೀಯ? ಆವಪ್ಪ ಹೇಳವ್ನಲ್ಲ, ಮೋಟ್ರು ಹೋಗೈತೆ ಅಂತ."

ಮೋಟರು ಹೋಗಿಲ್ಲ, ಒಳಗೆ ಏನೋ ಸಿಕ್ಕಿಕೊಂಡಿದೆ, ಬಾಗಿಲು ಬಿಚ್ಚಿದರೆ ತಿಳಿಯುತ್ತದೆ ಎಂದಳು ಪದ್ಮಶ್ರೀ.

"ಬಿಚ್ಚೋದೆಲ್ಲ ಬ್ಯಾಡ." ಇಂದ್ರಮ್ಮನ ದನಿ ಏರಿ, ತಕ್ಷಣ ಇಳಿಯಿತು. "ಬಿಚ್ಚಿದ್ ಗಾಡಿ ಬಿಚ್ಚಿದ್ದೇಯ. ಹೋಗ್ಲಿ ಬುಡು. ಓದಿರೋಳು ನೀನು, ಲಾರಿ ಡ್ರೈವರ್ ಥರ ಆ ರೋಡಲ್ಲಿ ಯಾಕೆ ಒದ್ದಾಡ್ಬೇಕು?"

ಇದು ಹೊಸ ಮಾತೇನಲ್ಲ. ಕಾರು ಬಂದ ದಿನದಿಂದ ಇಂದ್ರಮ್ಮ ಏನಾದರೊಂದು ಚುಚ್ಚುತ್ತಲೇ ಇದ್ದರು. ಅವರು ತೊರಪಲ್ಲಿ ಅಗ್ರಹಾರದ ತೋಟದಲ್ಲಿ ಬೆಳೆದವರು. ಮನೆಯ ಹೆಂಗಸು ಒಬ್ಬಳೇ ಕಾರಿನಲ್ಲಿ ಹೋಗುವುದನ್ನು ಅವರ ಕಣ್ಣು ಒಪ್ಪಿರಲಿಲ್ಲ. ಮೊದಲ ವಾರ ಅವರು ಕಾರಿನ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ಅದು ಕೊಳೆತು ಬಣ್ಣದ ಮೇಲೆ ಕಲೆಯಾಗಿ, ಪದ್ಮಶ್ರೀ ಮೆಲ್ಲಗೆ ಬಿಚ್ಚಿ ಹಾಕಿದ್ದಳು. ಸೀಟಿನ ಕೆಳಗೆ ಇನ್ನೊಂದು ನಿಂಬೆಹಣ್ಣು ಸಿಕ್ಕಾಗ ನಂದೀಶ್ ತಾಯಿಯ ಮೇಲೆ ಹಾರಾಡಿಬಿಟ್ಟಿದ್ದ. ಇನ್ನೊಂದು ಸಲ ಗಾಡಿಯಲ್ಲಿ ಇಂಥದ್ದು ಕಂಡರೆ ಸುಮ್ಮನಿರುವುದಿಲ್ಲ ಎಂದಿದ್ದ. ಇಂದ್ರಮ್ಮ ಆ ಸಂಜೆಯೇ ಬಟ್ಟೆ ಗಂಟು ಕಟ್ಟಿಕೊಂಡು ತಮ್ಮ ನಾರಾಯಣಪ್ಪನ ಮನೆಗೆ ಹೋದವರು, ಯಾರು ಕರೆದರೂ ಬಾರದೆ, ತಾವಾಗಿ ಮನಸ್ಸು ಬಂದಾಗ ಬಂದಿದ್ದರು. ಅಂದಿನಿಂದ ಕಾರಿನ ವಿಷಯದಲ್ಲಿ ಅವರದು ಬಾಯಿ ಮಾತ್ರ, ಕೈಯಿಲ್ಲ.

ಈಗಲೂ ಪದ್ಮಶ್ರೀಗೆ ಅನಿಸಿದ್ದು ಇಷ್ಟೇ. ಅತ್ತೆಗೆ ಈ ಕಾರು ಹೋದರೆ ಸಾಕಾಗಿದೆ. ಅವಳು ಒಳಗೆ ಹೋಗಿ ಗಂಡನನ್ನು ಎಬ್ಬಿಸಿದಳು.

ನಂದೀಶ್ ಲುಂಗಿಯಲ್ಲೇ ಬಂದ. ಕಣ್ಣು ಕೆಂಪಾಗಿದ್ದವು. ಅವಳು ವಾದಿಸಲಿಲ್ಲ. ದೀಪವನ್ನು ನೋಡು ಎಂದು ಸ್ವಿಚ್ಚು ಒತ್ತಿ ತೋರಿಸಿದಳು. ಅವನು ನೋಡಿದ, ತಾನೂ ಒತ್ತಿದ, ಮತ್ತೆ ನೋಡಿದ. ಲಾರಿ ಫ್ಯಾಕ್ಟರಿಯಲ್ಲಿ ಕ್ಯಾಬಿನ್ನಿಗೆ ಬಾಗಿಲು ಕೂರಿಸುವುದು ಅವನ ಕೆಲಸ. ಲೈನಿನಲ್ಲಿ ಬಂದ ಬಾಗಿಲಿಗೆ ಬೋಲ್ಟು ಬಿಗಿದು ಮುಂದಕ್ಕೆ ಬಿಡುವುದು, ಮತ್ತೊಂದಕ್ಕೆ ಬಿಗಿಯುವುದು.

"ರಾತ್ರಿಯೆಲ್ಲ ಬಾಗ್ಲು ಹಾಕಿ ಬಂದಿವ್ನಿ. ಭಾನ್ವಾರ ಬಾಗ್ಲು ತೆಗಿ ಅಂತೀಯ. ಆಗ್ಲಿ, ತತ್ತಾ ಸ್ಕ್ರೂಡ್ರೈವರು."

ಕೈಯೂರುವ ಕಡೆಯ ಎರಡು ಸ್ಕ್ರೂ, ಹಿಡಿಯ ಹಿಂದೆ ಒಂದು. ಆಮೇಲೆ ಅಂಚಿಗೆ ಸ್ಕ್ರೂಡ್ರೈವರು ತೂರಿಸಿ ಎಬ್ಬಿದಾಗ ಪ್ಲಾಸ್ಟಿಕ್ ಕ್ಲಿಪ್ಪುಗಳು ಪಟ್ ಪಟ್ ಎಂದು ಬಿಟ್ಟವು. ಕೆಲವು ಮುರಿದವು. ಪ್ಯಾನೆಲ್ಲು ಕೈಗೆ ಬಂತು. ಅದರ ಹಿಂದೆ ಬಾಗಿಲಿನ ತಗಡಿಗೆ ಕಪ್ಪು ಗೋಂದಿನಿಂದ ಅಂಟಿಸಿದ ಪ್ಲಾಸ್ಟಿಕ್ ಪೊರೆ. ಅದನ್ನು ಸುಲಿಯುವಾಗ ಒಣಗಿದ ಗೋಂದು ಪುಡಿಪುಡಿಯಾಗಿ ಉದುರಿತು. ಪ್ಯಾನೆಲ್ಲು ಕಳಚಿದ್ದನ್ನು ನೋಡುತ್ತಿದ್ದಂತೆ ಇಂದ್ರಮ್ಮ ತಲೆನೋವೆಂದು ಒಳಗೆ ಹೋಗಿ ಮಲಗಿದರು.

ಗೋಂದಿಲ್ಲದೆ ಪೊರೆ ಮತ್ತೆ ನಿಲ್ಲುವುದಿಲ್ಲ, ಕ್ಲಿಪ್ಪೂ ಬೇಕು, ಮಧ್ಯಾಹ್ನವಾದರೆ ಅಂಗಡಿ ಮುಚ್ಚುತ್ತಾರೆ ಎಂದು ನಂದೀಶ್ ಷರಟು ಹಾಕಿಕೊಂಡು ಬೈಕು ತೆಗೆದ.

"ನಾ ಬರೋಗಂಟ ಒಳಗೆ ಕೈ ಹಾಕ್ಬ್ಯಾಡ. ಕೇಬಲ್ಗೆ ಬೆರಳು ಸಿಕ್ರೆ ಹೋಯ್ತು."

ಪದ್ಮಶ್ರೀ ಕಾರಿನ ಕೀಲಿಯನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೀಲಿಯಿಲ್ಲದೆ ಮೋಟರು ತಿರುಗದು. ಟಾರ್ಚು ಹಿಡಿದು, ಮೊಣಕಾಲೂರಿ, ಬಾಗಿಲಿನ ಹೊಟ್ಟೆಯೊಳಗೆ ಇಣುಕಿದಳು.

ಗಾಜಿನ ತಳವನ್ನು ಹಿಡಿದ ಒಂದು ಹಿಡಿಕೆ, ಅದು ಜಾರುವ ಕಂಬಿ, ಕಂಬಿಯುದ್ದಕ್ಕೂ ಸಣ್ಣ ಉಕ್ಕಿನ ಕೇಬಲ್ಲು. ಕೇಬಲ್ಲು ಕೆಳಗೆ ಮೋಟರಿನ ಪಕ್ಕದ ರಾಟೆಗೆ ಸುತ್ತಿಕೊಳ್ಳುವ ಜಾಗದಲ್ಲಿ ಕರಿಯ ದಾರವೊಂದು ಗಂಟುಗಂಟಾಗಿ ಸುತ್ತಿಕೊಂಡಿತ್ತು. ದಾರದ ತುದಿಯಲ್ಲಿ ಹುಣಿಸೆಬೀಜಕ್ಕಿಂತ ಒಂದಿಷ್ಟು ದೊಡ್ಡದಾದ ಪೊಟ್ಟಣ. ಅದು ಎಳೆದುಕೊಂಡು ಬಂದು ರಾಟೆಯ ಬಾಯಿಗೆ ಬೆಣೆಯ ಹಾಗೆ ಕೂತುಬಿಟ್ಟಿತ್ತು.

ಅಂತ್ರ. ಮಂತ್ರಿಸಿ ಕಟ್ಟುವ ತಾಯಿತ.

ಪೊಟ್ಟಣದ ಅರೆಪಾರದರ್ಶಕ ಹಾಳೆಯೊಳಗೆ ಹಸಿರು ಕಂಡಿತು. ಟಾರ್ಚನ್ನು ಹತ್ತಿರ ತಂದಳು. ಮಡಚಿದ ಬಟ್ಟೆಯ ಚೂರು, ಅದರಲ್ಲಿ ಸಾಸಿವೆ ಬಣ್ಣದ ಎರಡು ಗೆರೆ. ಅವಳು ಈಗ ಉಟ್ಟಿದ್ದ ಸೀರೆಯ ಅಂಚು.

ಉಟ್ಟ ಬಟ್ಟೆಯ ಚೂರು ಕದ್ದು ಮಾಟ ಮಾಡಿಸುತ್ತಾರೆಂಬುದನ್ನು ಅವಳು ಸಣ್ಣಂದಿನಿಂದ ಕೇಳಿದ್ದಳು. ನಂಬುತ್ತಿರಲಿಲ್ಲ. ಆದರೆ ಈಗ ನಂಬಿಕೆಯನ್ನು ಕೇಳುವವರು ಯಾರು, ಕೈ ತನ್ನಷ್ಟಕ್ಕೆ ಹಿಂದೆ ಬಂದಿತ್ತು. ಯಾರಿರಬಹುದು? ತನ್ನ ಕೆಲಸದ ಮೇಲೆ ಯಾರಿಗಾದರೂ ಕಣ್ಣಿತ್ತೇ? ಕಾರು ಬೇಕೆಂದು ಗಂಟುಬಿದ್ದ ರಘುನಾಥನೇ? ಒಂದೊಂದೇ ಮುಖ ಬಂದು ಹೋಯಿತು. ಬೀದಿಯಲ್ಲಿ ಹಾದುಹೋದ ಪಕ್ಕದ ಮನೆಯ ಹನುಮಕ್ಕ ಊಟವಾಯಿತೇ ಎಂದು ಕೇಳಿದ್ದಕ್ಕೂ ಅವಳು ಬೆಚ್ಚಿ ತಲೆಯಾಡಿಸಿದಳು.

ಮತ್ತೆ ನೋಡಿದಳು. ನೋಡುವುದೊಂದು ಅವಳಿಗೆ ರೂಢಿ. ಪೊಟ್ಟಣ ಹಾಲಿನ ಪ್ಯಾಕೆಟ್ಟಿನ ಹಾಳೆಯದು. ಅಂಚನ್ನು ಹೊಲಿದಿರಲಿಲ್ಲ, ದೀಪದ ಉರಿಗೆ ಹಿಡಿದು ಕರಗಿಸಿ ಒತ್ತಿದ್ದರು. ಅಂಚಿನುದ್ದಕ್ಕೂ ತೆಳ್ಳಗೆ ಮಸಿ, ನಡುನಡುವೆ ಉಗುರಿನಿಂದ ಒತ್ತಿದ ಗುರುತು. ಹೀಗೆ ಮುಚ್ಚುವುದನ್ನು ಅವಳು ತನ್ನ ಅಡುಗೆಮನೆಯಲ್ಲೇ ಎಷ್ಟೋ ಸಲ ನೋಡಿದ್ದಳು. ತೊರಪಲ್ಲಿಯ ತೋಟದಿಂದ ಬಂದ ಅವರೆ, ಹೀರೆ, ಸೋರೆ ಬೀಜಗಳನ್ನೆಲ್ಲ ಇಂದ್ರಮ್ಮ ಹಾಲಿನ ಪ್ಯಾಕೆಟ್ಟು ತೊಳೆದು ಒಣಗಿಸಿ, ಹೀಗೇ ದೀಪಕ್ಕೆ ಹಿಡಿದು, ಹೀಗೇ ಉಗುರಿನಿಂದ ಒತ್ತಿ, ತಿಂಗಳುಗಟ್ಟಲೆ ತೇವ ತಾಗದಂತೆ ಕಾಪಾಡುತ್ತಿದ್ದರು.

ಅವಳು ಅಲ್ಲೇ ನೆಲದ ಮೇಲೆ ಕೂತಳು.

ಆಯುಧ ಪೂಜೆಗೆ ಕೆಲವು ದಿನ ಮೊದಲು, ಕೆಲಮಂಗಲದ ರಸ್ತೆಯಲ್ಲಿ ಲಾರಿಯೊಂದು ಸ್ಕೂಟರಿಗೆ ಗುದ್ದಿತ್ತು. ಆ ಸಂಜೆ ಅವಳು ಮನೆಗೆ ಬರುವುದು ತಡವಾದಾಗ ಇಂದ್ರಮ್ಮ ಬೀದಿಯ ಕೊನೆಯಲ್ಲಿ ನಿಂತಿದ್ದರು, ಹಾಲಿನವನನ್ನು ಕಾಯುತ್ತಿದ್ದೇನೆ ಎಂದಿದ್ದರು. ಮರುದಿನ ಹನುಮಕ್ಕನನ್ನು ಜೊತೆಮಾಡಿಕೊಂಡು ಮುನೇಶ್ವರನ ಗುಡಿಗೆ ಹೋಗಿ ಬಂದಿದ್ದರು. ಪೂಜೆಯ ದಿನ ಕಾರಿಗೆ ಬಾಳೆಕಂದು ಕಟ್ಟುತ್ತಿದ್ದಾಗ, ತೆಂಗಿನಕಾಯಿ ಮರೆತು ಬಂದೆ, ತೊಗೊಂಬಾ ಎಂದು ಅವಳನ್ನು ಒಳಗೆ ಕಳಿಸಿ, ಡ್ರೈವರ್ ಬಾಗಿಲಿಗೆ ತಾವೊಬ್ಬರೇ ಅರಿಸಿನ ಕುಂಕುಮ ಹಚ್ಚಿದ್ದರು. ಕಟ್ಟಿದ್ದನ್ನು ಸೊಸೆ ಬಿಚ್ಚುತ್ತಾಳೆ, ಇಟ್ಟದ್ದನ್ನು ಮಗ ಎಸೆಯುತ್ತಾನೆ. ಯಾರ ಕೈಗೂ ಸಿಗದ ಜಾಗ ಹುಡುಕಿ, ಗಾಜಿಗೂ ರಬ್ಬರಿಗೂ ನಡುವಿನ ಸಂದಿಯಲ್ಲಿ ಸೊಸೆಯ ಕಾವಲಿನ ಅಂತ್ರವನ್ನು ಇಳಿಬಿಟ್ಟಿದ್ದರು. ಆ ಸಂದಿಯೊಳಗೆ ರಾಟೆಯೊಂದು ತಿರುಗುತ್ತದೆಂದು ಅವರಿಗೆ ಯಾರು ಹೇಳಬೇಕಿತ್ತು?

ಅಂದಿನಿಂದ ದಿನವೂ ಬೆಳಿಗ್ಗೆ ಅವಳು ಹೊರಡುವಾಗ ಅವರು ಬಾಗಿಲಿನ ಮೇಲೆ ಒಂದು ಗಳಿಗೆ ಕೈಯಿಡುತ್ತಿದ್ದರು. ಬಾಗಿಲು ಸರಿಯಾಗಿ ಹಾಕಿಕೊಂಡಿದೆಯೇ ಎಂದು ನೋಡುತ್ತಾರೆ, ಅಷ್ಟೂ ನಂಬಿಕೆಯಿಲ್ಲ ನನ್ನ ಮೇಲೆ ಎಂದು ಅವಳು ಮನಸ್ಸಿನಲ್ಲೇ ಮುನಿಸಿಕೊಂಡಿದ್ದಳು. ಮತ್ತೆ ರಾತ್ರಿಯ ಆ ತಂತಿ. ಮಂಡಿನೋವಿನ ಹೆಂಗಸು, ಕತ್ತಲಲ್ಲಿ ಬಗ್ಗಿ, ತಾನು ಮಾಡಿದ್ದನ್ನು ತಾನೇ ಎತ್ತಿಕೊಳ್ಳಲು ನೋಡಿದ್ದರು.

ಬೈಕಿನ ಸದ್ದು ಯಾವಾಗ ಬೇಕಾದರೂ ಕೇಳಿಸಬಹುದಿತ್ತು. ಪದ್ಮಶ್ರೀ ಹೊಲಿಗೆ ಡಬ್ಬಿಯ ಸಣ್ಣ ಕತ್ತರಿ ತಂದು, ದಾರವನ್ನು ಸುತ್ತುಸುತ್ತಾಗಿ ಕತ್ತರಿಸಿ ಎಳೆದಳು. ಗ್ರೀಸಿನಲ್ಲಿ ನೆನೆದ ದಾರ ತುಂಡುತುಂಡಾಗಿ ಬಂತು. ಪೊಟ್ಟಣ ಸುಲಭಕ್ಕೆ ಬಿಡಲಿಲ್ಲ. ಕೈ ಹೊರಗೆ ತೆಗೆದು, ಕೀಲಿ ಹಾಕಿ, ಸ್ವಿಚ್ಚನ್ನು ಒಂದು ಕ್ಷಣ ಕೆಳಗಿನ ಕಡೆಗೆ ಒತ್ತಿ ಬಿಟ್ಟಳು. ರಾಟೆ ಕೂದಲಷ್ಟು ಸಡಿಲವಾಯಿತು. ಮತ್ತೆ ಕೀಲಿ ಕಿತ್ತು, ಎರಡು ಬೆರಳು ತೂರಿಸಿ ಪೊಟ್ಟಣವನ್ನು ಈಚೆಗೆ ತೆಗೆದಳು. ಒಂದು ಮೂಲೆ ನಲುಗಿತ್ತು, ಆದರೆ ಮುಚ್ಚಿದ ಅಂಚು ಬಿಟ್ಟಿರಲಿಲ್ಲ.

ಕೀಲಿ ತಿರುಗಿಸಿ ಸ್ವಿಚ್ಚನ್ನು ಮೇಲಿನ ಕಡೆಗೆ ಒತ್ತಿದಳು. ಗಾಜು ಒಮ್ಮೆ ನರಳಿ, ಮೆಲ್ಲಗೆ ಏರಿ, ರಬ್ಬರಿನೊಳಗೆ ಹೋಗಿ ಕೂತಿತು. ದೀಪ ಮಂಕಾಗಲಿಲ್ಲ.

ಸಂತೋಷವಾಗಬೇಕಾಗಿತ್ತು. ದಣಿವೇ ಹೆಚ್ಚಾಗಿತ್ತು. ಅಂಗೈಯಲ್ಲಿ ಆ ಪೊಟ್ಟಣ ಹಿಡಿದು ಅವಳು ಯೋಚಿಸಿದಳು. ಇದನ್ನು ನಂದೀಶನಿಗೆ ತೋರಿಸಿದರೆ ಅವಳ ಮೇಲಿನ ದೂರು ಇಲ್ಲಿಗೆ ಮುಗಿಯುತ್ತದೆ. ಗಾಡಿಯದೂ ತಪ್ಪಲ್ಲ, ಓಡಿಸಿದವಳದೂ ತಪ್ಪಲ್ಲ, ರಘುನಾಥ್ ಬಂದ ದಾರಿಯಲ್ಲೇ ಹೋಗಬಹುದು. ಆದರೆ ನಂದೀಶ್ ತಾಯಿಯ ಮುಂದೆ ಇದನ್ನು ಎಸೆಯುತ್ತಾನೆ. ಇಂದ್ರಮ್ಮ ಮತ್ತೆ ಗಂಟು ಕಟ್ಟುತ್ತಾರೆ. ಈ ಸಲ ಬರುತ್ತಾರೋ ಇಲ್ಲವೋ.

ಬಾಗಿಲಿನ ತಗಡಿನ ಕೆಳಮೂಲೆಯಲ್ಲಿ, ಕೇಬಲ್ಲಿಗೂ ಗಾಜಿಗೂ ದೂರವಾಗಿ, ಒಂದು ಸಣ್ಣ ತೂತಿತ್ತು. ಹಸಿರು ಸೀರೆಯ ಕತ್ತರಿಸಿದ ಅಂಚಿನಿಂದ ಅವಳು ಇನ್ನೊಂದು ಎಳೆ ಬಟ್ಟೆಯನ್ನು ಹರಿದಳು. ಪೊಟ್ಟಣವನ್ನು ಅದರಲ್ಲಿ ಸುತ್ತಿ, ತೂತಿಗೆ ಪೋಣಿಸಿ, ಅಲುಗದಂತೆ ಬಿಗಿದಳು. ಗಾಜನ್ನು ಪೂರ್ತಿ ಇಳಿಸಿ ಏರಿಸಿ ನೋಡಿದಳು. ಎಲ್ಲೂ ತಾಗಲಿಲ್ಲ.

ನಂದೀಶ್ ಬಂದು ಮುಚ್ಚಿದ ಗಾಜನ್ನು ನೋಡಿ ಬೈಕಿನ ಮೇಲೆಯೇ ಕೂತಿದ್ದ.

"ಏನಿತ್ತು?"

ಅವಳು ಗ್ರೀಸು ಮೆತ್ತಿದ ಕರಿಯ ದಾರದ ತುಂಡುಗಳನ್ನು ತೋರಿಸಿದಳು. "ದಾರ. ಬಾಳೆಕಂದು ಕಟ್ಟಿದ್ದು ಇರಬೇಕು. ಸಂದಿಯಲ್ಲಿ ಜಾರಿಬಿಟ್ಟಿದೆ."

"ಕಟ್ಟಿದ್ದು ನೀನೇ ಅಲ್ವಾ?"

"ಹೂಂ."

"ಕೈ ಹಾಕ್ಬ್ಯಾಡ ಅಂದ್ರೂ ಹಾಕ್ದೆ. ಕಟ್ಟೋವಾಗ ನೋಡ್ಕೊಂಡು ಕಟ್ಟಾಕಾಗಲ್ವಾ?" ಅವನು ಉಗುರಿನಿಂದ ಒಂದು ತುಂಡನ್ನು ತಿರುವಿ ನೋಡಿ ಚರಂಡಿಗೆ ಎಸೆದ. ಆಮೇಲೆ ಪೊರೆ ಅಂಟಿಸಿ, ಕ್ಲಿಪ್ಪು ಹಾಕಿ, ಪ್ಯಾನೆಲ್ಲನ್ನು ಅಂಗೈಯಿಂದ ಬಡಿದು ಕೂರಿಸಿದ. ಒಳಗೆ ಇಣುಕಿ ನೋಡುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಸಂಜೆ ರಘುನಾಥ್ ಬಂದ. ನಂದೀಶ್ ಕಾಫಿ ಕೊಡಿಸಿ, ಗಾಜು ಸರಿಹೋಯಿತು, ಸದ್ಯಕ್ಕೆ ಕೊಡುವುದಿಲ್ಲ ಎಂದ. ಇನ್ನೊಂದು ಸಲ ಏನಾದರೂ ಕೆಟ್ಟರೆ ಮಾತ್ರ ಅವತ್ತೇ ಕಳಿಸುತ್ತೇನೆ ಎಂದೂ ಸೇರಿಸಿದ, ಅವಳಿಗೆ ಕೇಳಿಸುವ ಹಾಗೆ. ಏನಾಗಿತ್ತೆಂದು ತಿಳಿದ ರಘುನಾಥ್ ನಕ್ಕದ್ದೇ ನಕ್ಕದ್ದು.

"ಸೈನ್ಸ್ ಮೇಡಂ ಅಲ್ವಾ ನೀವು? ಇನ್ಮೇಲೆ ಗಾಡೀಗೆ ಬಾಳೆಕಂದು ಕಟ್ಬ್ಯಾಡ್ರಿ, ಬಾಳೆಕಂದಿಗೇ ಗಾಡಿ ಕಟ್ಬುಡ್ರಿ."

ನಂದೀಶನೂ ನಕ್ಕ. ನಾಳೆ ಫ್ಯಾಕ್ಟರಿಯ ಬಸ್ಸಿನಲ್ಲಿ ಈ ಮಾತು ಕೊನೆಯ ಸೀಟಿನವರೆಗೂ ಹೋಗುತ್ತದೆಂದು ಪದ್ಮಶ್ರೀಗೆ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ಕಾಫಿಯ ಲೋಟದ ಜೊತೆಗೆ ಒಳಗೆ ಒಯ್ದಳು.

ಅಡುಗೆಮನೆಯಲ್ಲಿ ಇಂದ್ರಮ್ಮ ಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತದೆ ಕೇಳಿದರು.

"ದಾರ ಒಂದೇ ಸಿಕ್ತೇನಮ್ಮ?"

"ದಾರ ಒಂದೇ, ಅತ್ತೆ."

ಇಂದ್ರಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು. ಸಿಕ್ಕಿಬೀಳಲಿಲ್ಲವೆಂಬ ನಿರಾಳ ಅವರ ಮುಖದಲ್ಲಿ ಬಂದು, ಅದರ ಹಿಂದೆಯೇ ಇನ್ನೇನೋ ಬಂತು. ಹಾಗಾದರೆ ಅದು ಎಲ್ಲಿ ಹೋಯಿತು, ಒಳಗೆ ಇದೆಯೋ ಬಿದ್ದುಹೋಯಿತೋ ಎಂದು ಕೇಳಲೂ ಆಗದು, ಬಿಡಲೂ ಆಗದು. ಹೇಳಿಬಿಡಲೇ ಎನಿಸಿತು ಪದ್ಮಶ್ರೀಗೆ. ಹೇಳಿದರೆ ನಾಳೆಯಿಂದ ಅವರು ಅವಳ ಕಣ್ಣಿಗೆ ಕಣ್ಣು ಕೊಡಲಾರರು. ಚುಚ್ಚುಮಾತು ನಿಂತುಹೋಗುತ್ತದೆ. ಅದು ನಿಂತರೆ ಈ ಮನೆಯಲ್ಲಿ ಅವರಿಗೆ ಆಡಲು ಉಳಿಯುವುದಾದರೂ ಏನು?

"ಬಾಗಿಲು ದೊಡ್ಡದು ಅತ್ತೆ," ಎಂದಳು ಲೋಟ ತೊಳೆಯುತ್ತ. "ಒಳಗೆ ಬಿದ್ದದ್ದು ಹೊರಗೆ ಹೋಗುವುದಿಲ್ಲ. ಅಲ್ಲೇ ಇರುತ್ತದೆ."

ಇಂದ್ರಮ್ಮ ಅವಳ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೊಪ್ಪಿನ ಕಡ್ಡಿ ಮುರಿಯುವ ಸದ್ದು ಮತ್ತೆ ಶುರುವಾಯಿತು.

ಸೋಮವಾರ ಬೆಳಿಗ್ಗೆ ಊಟದ ಡಬ್ಬಿಯನ್ನು ಸೀಟಿನ ಮೇಲಿಟ್ಟು ಇಂದ್ರಮ್ಮ ಬಾಗಿಲ ಮೇಲೆ ಕೈಯಿಟ್ಟರು. "ನಿಧಾನ ಹೋಗು. ರೋಡು ನಿಮ್ಮಪ್ಪನದಲ್ಲ," ಎಂದರು. ಆಗಲಿ ಅತ್ತೆ ಎಂದು ಪದ್ಮಶ್ರೀ ಅವರು ಕೈ ತೆಗೆಯುವವರೆಗೆ ಕಾದು, ಗಾಜನ್ನು ಏರಿಸಿದಳು. ಅದು ಸದ್ದಿಲ್ಲದೆ ಏರಿತು. ಬೀದಿಯ ತಿರುವಿನ ಹಳ್ಳದಲ್ಲಿ ಕಾರು ಕುಲುಕಿದಾಗ ಅವಳು ಅಭ್ಯಾಸದಂತೆ ಬಾಗಿಲಿಗೆ ಕಿವಿಗೊಟ್ಟಳು. ಗಂಟು ಬಿಗಿಯಾಗಿತ್ತು, ಏನೂ ಕೇಳಿಸಲಿಲ್ಲ. ಈ ಮಾತು ಇಲ್ಲೇ ಇರಲಿ, ನಂದೀಶನಿಗೂ ಬೇಡ, ಅತ್ತೆಗೂ ಬೇಡ, ಯಾರಿಗೂ ಬೇಡ ಎಂದುಕೊಂಡು ಅವಳು ಕೆಲಮಂಗಲದ ರಸ್ತೆಗೆ ತಿರುಗಿದಳು.